ತಾಮ್ರಕೊಕ್ಕರೆ, ಭಾಗ ಮೂರು

ಟೊಲೀಡೊದಲ್ಲಿ ಭಾನುವಾರದ ಕೊನೆಯ ಆಟ ಬಿಟ್ಟರೆ
ರಸ್ತೆ ದಾಟಿ ನನ್ನ ಲಾಂಡ್ರಿಗೇ ಬರುತ್ತಾರೆ,
ಹೆಗಲಿಗೆ ಮಾಸಿದ ಬಟ್ಟೆಯ ಚೀಲ, ಬಾಯಿ ತುಂಬ ತೀರ್ಪು.
ಹೊರಗೆ ಮಾಮೀ ಹೊಳೆ ಹೆಪ್ಪುಗಟ್ಟಿದೆ.
ಒಳಗೆ ಹದಿನಾಲ್ಕು ಯಂತ್ರ, ಎರಡು ಕೆಟ್ಟು ನಿಂತಿವೆ,
ಮಿಕ್ಕವು ಗುರುಗುಟ್ಟುವುದು ಇವರ ಕಿವಿಗೆ ಬೀಳುವುದಿಲ್ಲ.

"ಹದಿನೆಂಟು ಕೋಟಿ!" ಅಂದ ಒಡೆಲ್,
ಸಿಟಿ ಬಸ್ಸುಗಳ ಹೊಟ್ಟೆ ಬಿಚ್ಚಿ ಹೊಲಿಯುವ ಮೆಕ್ಯಾನಿಕ್.
"ಮೂರೇ ದಿನಕ್ಕೆ ಹದಿನೆಂಟು ಕೋಟಿ ಡಾಲರ್.
ಜನ ಬೆಪ್ಪರೋ? ಗಲ್ಲಾಪೆಟ್ಟಿಗೆ ಸುಳ್ಳು ಹೇಳುತ್ತದೋ?"
ಆ ದುಡ್ಡಲ್ಲಿ ಒಂದು ಕಾಸೂ ತನ್ನದಲ್ಲ ಎಂಬುದು ಮರೆತ ಹಾಗೆ
ಎದೆಯುಬ್ಬಿಸಿ ಕಾಲುಚೀಲ ಜಾಲಾಡಿದ.
ಒಂದು ಸಿಗಲಿಲ್ಲ.

ಟಿಬೋರ್ ನಕ್ಕ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಕುಲುಮೆ ನೋಡಿದ ಕಣ್ಣು;
ತೆರೆಯ ಮೇಲಿನ ಬೆಂಕಿ ಅವನಿಗೆ ಬೆಂಕಿಯೇ ಅಲ್ಲ.
ಮಡಿಸಿಟ್ಟ ಪತ್ರಿಕೆ ಜೇಬಿನಿಂದ ತೆಗೆದು ಓದಿದ:
"'ಎರಡೂವರೆ ಗಂಟೆಯ ಜಾಹೀರಾತು,
ಯಾವ ಸರಕಿನದೆಂದು ಕೊನೆಗೂ ತಿಳಿಯಲಿಲ್ಲ.'
ನೂರಕ್ಕೆ ಮೂವತ್ತೊಂದು ಕೊಟ್ಟಿದ್ದಾರೆ, ಪುಣ್ಯಾತ್ಮರು.
ನನ್ನ ಮಗ ಇಷ್ಟು ತಂದಿದ್ದರೆ ಶಾಲೆ ಬಿಡಿಸುತ್ತಿದ್ದೆ.
ಎರಡನೆಯ ವಾರ ದೊಪ್ಪನೆ ಬಿತ್ತಲ್ಲ ನಿನ್ನ ಕೊಕ್ಕರೆ,
ರೆಕ್ಕೆ ತಾಮ್ರದ್ದಾದರೆ ಹಾರುವುದು ಹೇಗಪ್ಪ?"

"ವಿಮರ್ಶಕರು ಪುಕ್ಕಟೆ ನೋಡುವವರು!"
"ಪುಕ್ಕಟೆ ಸಿಕ್ಕರೂ ಬೇಡ ಅಂದರಲ್ಲ, ಯೋಚನೆ ಮಾಡು."
ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ.
ನಡುವೆ ಕೆಜಾಯ, ಹತ್ತೊಂಬತ್ತರ ಹುಡುಗಿ,
ತಾನೇ ಹೊಲಿದ ಕೊಕ್ಕರೆಯ ಕೆಂಪು ಕೇಪನ್ನು
ಟಿಬೋರನ ಯಂತ್ರದಲ್ಲಿ ಜಾಗ ಇದೆಯೆಂದು ಮೆಲ್ಲಗೆ ತುರುಕಿದಳು.
"ಮೊದಲ ಭಾಗದ ಮುಂದೆ ಎಲ್ಲ ದಂಡ" ಅಂದಳು.
ಅದು ಬಂದಾಗ ಅವಳಿಗೆ ನಾಲ್ಕು ವರ್ಷ.

ಆಗ ಬಾಗಿಲು ತಳ್ಳಿ ಬಂದಳು ಕ್ಲಿಯೋಟ,
ಎದುರಿನ ಥಿಯೇಟರಿನ ಕಸ ಗುಡಿಸುವವಳು,
ಮೈಯೆಲ್ಲ ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ.
"ನಿಮ್ಮ ಕೋಟಿಯೂ ಬೇಡ, ಮೂವತ್ತೊಂದೂ ಬೇಡ,
ಸಿನಿಮಾ ಹೇಗಿದೆ ಅಂತ ನನ್ನ ಪೊರಕೆ ಕೇಳಿ.
ಬೇಜಾರಾದರೆ ಚೆಲ್ಲುತ್ತಾರೆ. ಹೆದರಿದರೆ ಇನ್ನೂ ಚೆಲ್ಲುತ್ತಾರೆ.
ಜೆ ಸಾಲಿನಲ್ಲಿ ಒಬ್ಬ ಏನೂ ಚೆಲ್ಲುವುದಿಲ್ಲ.
ಮಧ್ಯಾಹ್ನದ ಆಟಕ್ಕೆ ಬರುತ್ತಾನೆ, ಒಬ್ಬನೇ.
ಕೊಕ್ಕರೆ ತನ್ನ ತಾಯಿಯ ಹಳೇ ರೇಡಿಯೋ ರಿಪೇರಿ ಮಾಡುವುದಿದೆಯಲ್ಲ,
ಅಲ್ಲಿವರೆಗೆ ಕೂತು ಎದ್ದು ಹೋಗುತ್ತಾನೆ.
ಲೋಕ ಉಳಿಯಿತೋ ಮುಳುಗಿತೋ ಅವನಿಗೆ ಗೊತ್ತಿಲ್ಲ.
ಇವತ್ತಿಗೆ ಹನ್ನೊಂದು ಸಲ."

ಈಗ ಕೇಳಿಸಿತು ಯಂತ್ರಗಳ ಸದ್ದು.

"ಹನ್ನೊಂದು ಟಿಕೆಟ್ಟು!" ಅಂದ ಒಡೆಲ್. "ಗಲ್ಲಾಪೆಟ್ಟಿಗೆಗೆ ಜಮೆ."
"ಮುಕ್ಕಾಲು ಸಿನಿಮಾ ಇರುವಾಗಲೇ ಎದ್ದು ಹೋದ," ಅಂದ ಟಿಬೋರ್,
"ಇದಕ್ಕಿಂತ ವಿಮರ್ಶೆ ಬೇಕೆ?"
ಕ್ಲಿಯೋಟ ಸೋಡಾ ಯಂತ್ರಕ್ಕೆ ಒಂದು ಒದ್ದಳು. ಕೊಟ್ಟಿತು.

ಕಂದು ಕೋಟೇ? ಎಡಗಾಲು ತುಸು ಎಳೆದು ನಡೆಯುತ್ತಾನೆಯೇ?
ಕೇಳಬೇಕೆಂದುಕೊಂಡೆ, ಕೇಳಲಿಲ್ಲ.
ಮಂಗಳವಾರ ಇಲ್ಲಿಗೂ ಬರುತ್ತಾನೆ ಅಂಥವನೊಬ್ಬ.
ಅಕ್ಟೋಬರಿನ ತನಕ ಎರಡು ಚೀಲ ತರುತ್ತಿದ್ದ,
ಹೂವಿನ ದಿಂಬುಗವಸು, ಮುದುಕಿಯ ಉಣ್ಣೆ ಶಾಲು.
ಈಗ ಒಂದು ಚೀಲ. ಅದೂ ಅರ್ಧ.
ಆದರೂ ದೊಡ್ಡ ಯಂತ್ರಕ್ಕೇ ದುಡ್ಡು ಹಾಕುತ್ತಾನೆ.

ಗಂಟೆ ಹೊಡೆಯಿತು. ಟಿಬೋರ್ ಬಾಗಿಲು ತೆಗೆದ.
ಒಳಗೆ ಹೋದದ್ದು ಆರು ಬಿಳಿ ಅಂಗಿ.
ಹೊರಗೆ ಬಂದದ್ದು ಆರೂ ಗುಲಾಬಿ, ಮಗುವಿನ ಒಸಡಿನ ಬಣ್ಣ.
ಕೆಜಾಯ ಬಾಯಿಗೆ ಕೈ ಅಡ್ಡ ಹಿಡಿದಳು,
ಒಡೆಲ್ ನೆಲಕ್ಕೇ ಕೂತು ನಕ್ಕ:
"ಕೊಕ್ಕರೆ ನಿನ್ನನ್ನೂ ಬಿಡಲಿಲ್ಲ ನೋಡು!"
ಟಿಬೋರ್ ಒಂದು ಅಂಗಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು,
ಗಾಜಿನಲ್ಲಿ ಬಿರುಕು ಹುಡುಕುವ ಹಾಗೆ
ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ,
"ರೇಡಿಯೋದ ಭಾಗ ಕೆಟ್ಟದ್ದೇನಿರಲಿಲ್ಲ" ಅಂದ.
"ಆದರೆ ಅದು ಬರೀ ನಾಲ್ಕು ನಿಮಿಷ."

ಒಂದೂವರೆಗೆ ಹೋದರು, ಹಿಮ ತುಳಿಯುತ್ತ,
ನಾಲ್ಕನೆಯ ಭಾಗ ಬರುತ್ತದೋ ಇಲ್ಲವೋ ಎಂದು ಜಗಳವಾಡುತ್ತ.
ನಾನು ಯಂತ್ರಗಳ ಪೆಟ್ಟಿಗೆ ಬಿಚ್ಚಿ ಎಣಿಸಿದೆ:
ನಲವತ್ತೊಂದು ಡಾಲರ್, ಒಂದು ಅಂಗಿಗುಂಡಿ.
ಒಡೆಲನ ಕಾಲುಚೀಲ ಏಳನೆಯ ಯಂತ್ರದ ಒಳಗೋಡೆಗೆ ಅಂಟಿತ್ತು,
ಇನ್ನೂ ಬಿಸಿ.
ತೆಗೆದು ಗೂಟಕ್ಕೆ ಹಾಕಿದೆ.